ಹನ್ನೊಂದು ಬುಧವಾರಗಳ ಲೆಕ್ಕ

ಈ ಚಿಕಿತ್ಸಾಲಯದ ಹೆಸರನ್ನು ನಾನು ಬರೆಯುವುದಿಲ್ಲ. ಕೆಳಗೆ ಹೊಗಳಿಕೆಯೂ ಇದೆ, ದೂರೂ ಇದೆ. ನನ್ನ ತಮ್ಮ ಇನ್ನೂ ಅಲ್ಲಿಗೇ ಹೋಗಿಬರಬೇಕು. ಬೆಂಗಳೂರಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಹಿಂಭಾಗದ ಕಟ್ಟಡದಲ್ಲಿ ಬುಧವಾರ ಮಾತ್ರ ನಡೆಯುತ್ತದೆ ಎಂದಷ್ಟೇ ಹೇಳಬಲ್ಲೆ. ಹುಟ್ಟಿನಿಂದ ಬುದ್ಧಿ ಬೆಳವಣಿಗೆಯ ತೊಂದರೆ ಇರುವವರು, ನಡುವಯಸ್ಸಿನಲ್ಲಿ ತಲೆಗೆ ಪೆಟ್ಟು ಬಿದ್ದೋ ಪಾರ್ಶ್ವವಾಯು ಬಡಿದೋ ಬೇರೆಯೇ ಆದವರು, ಇಂಥವರ ಮನಸ್ಸಿನ ಕಾಯಿಲೆಗೆಂದೇ ಇರುವ ಹೊರರೋಗಿ ವಿಭಾಗ ಅದು. ಹದಿನೆಂಟು ದಾಟಿದವರಿಗೆ ಮಾತ್ರ.

ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ದುಡಿದು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತನಾದವನು. ತೂಕ ನೋಡದೆ ಮುದ್ರೆ ಒತ್ತಿ ಅಭ್ಯಾಸವಿಲ್ಲ. ಫೆಬ್ರವರಿಯಿಂದ ಈಚೆಗೆ ಹನ್ನೊಂದು ಬುಧವಾರ ಆ ಬೆಂಚಿನ ಮೇಲೆ ಕೂತೆದ್ದ ಮೇಲೆ ಬರೆಯುತ್ತಿದ್ದೇನೆ.

ತಮ್ಮನಿಗೆ 43 ವರ್ಷ. ಡೌನ್ ಸಿಂಡ್ರೋಮ್, ಹುಟ್ಟಿನಿಂದಲೇ ಬಂದ ಬುದ್ಧಿ ಬೆಳವಣಿಗೆಯ ತೊಂದರೆ. ಮನೆಯಲ್ಲಿ ಇವತ್ತಿಗೂ ಪುಟ್ಟ ಎಂದೇ ಕರೆಯುವುದು. ಶೇ 75 ಎಂದು ಬರೆದ ಅಂಗವಿಕಲ ಪ್ರಮಾಣಪತ್ರ ಇದೆ. ಅದರಲ್ಲಿ ಬರೆಯದೇ ಬಿಟ್ಟದ್ದು: ಲೋಟಕ್ಕೆ ಎಷ್ಟು ಡಿಕಾಕ್ಷನ್ ಬೇಕೆಂದು ಅವನಿಗೆ ನನ್ನ ಹೆಂಡತಿಗಿಂತ ಚೆನ್ನಾಗಿ ಗೊತ್ತು, ಅವನು ಮಡಿಸಿಟ್ಟ ಪಂಚೆಗೆ ಇಸ್ತ್ರಿ ಬೇಡ, ರಸ್ತೆಯಲ್ಲಿ ಹೋಗುವ ಬಸ್ಸನ್ನು ಒಳಗೆ ಕೂತೇ ಹಾರನ್‌ನಿಂದ ಗುರುತಿಸುತ್ತಾನೆ.

ಹೋದ ವರ್ಷ ಆಷಾಢದಲ್ಲಿ ನಮ್ಮ ತಾಯಿ ತೀರಿಕೊಂಡರು. ಮೂತ್ರಪಿಂಡ ಕೆಟ್ಟು ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಒಂದು ದಿನ ಅಲ್ಲಿಯೇ ಮುಗಿಯಿತು. ಪುಟ್ಟನನ್ನು ಪಕ್ಕದ ಮನೆಯಲ್ಲಿ ಕೂರಿಸಿ, ತೋಟದ ಅಂಚಿನಲ್ಲಿ ಮಣ್ಣು ಮಾಡಿ ಬಂದೆವು. ‘ಅಮ್ಮ ಊರಿಗೆ ಹೋಗಿದ್ದಾಳೆ’ ಎಂದು ಹೇಳಿದೆವು. ಅವನು ಅಳಲಿಲ್ಲ, ಏನನ್ನೂ ಕೇಳಲೂ ಇಲ್ಲ. ‘ಅವನಿಗೆ ತಿಳಿಯುವುದಿಲ್ಲವಲ್ಲ, ಅದೇ ಪುಣ್ಯ’ ಎಂದರು ಬಂದ ನೆಂಟರು. ನಾನೂ ಹಾಗೆಯೇ ನಂಬಿದ್ದೆ.

ಎರಡು ತಿಂಗಳು ಕಳೆದ ಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಊಟ ಅರ್ಧಕ್ಕೆ ಬಂತು. ಹಗಲೆಲ್ಲ ನಿದ್ದೆ. ಕಾಫಿ ಮಾಡುವುದನ್ನು ಬಿಟ್ಟ. ಜಿಲ್ಲಾ ಕೇಂದ್ರದ ಒಬ್ಬ ಖಾಸಗಿ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಒಳಗೆ ಇದ್ದದ್ದು ಆರು ನಿಮಿಷ. ‘ಇಂಥವರು ಹೀಗೇ ಅಲ್ಲವೇ? ವಯಸ್ಸಾದ ಹಾಗೆ ಹಟ ಹೆಚ್ಚು’ ಎಂದು ರಿಸ್ಪೆರಿಡೋನ್ ಎಂಬ, ಉದ್ರೇಕ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ನಿಲ್ಲಲಿಲ್ಲವೆಂದಾಗ ಡೋಸ್ ಏರಿಸಿದರು. ಮತ್ತೆ ಹೋದಾಗ ಮತ್ತೆ ಏರಿಸಿದರು. ಕೈಕಾಲು ಸೆಟೆದು ಜೊಲ್ಲು ಸುರಿಯತೊಡಗಿದಾಗ ಅದಕ್ಕೆ ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಮಾತ್ರೆ. ಸಂಕ್ರಾಂತಿಯ ಹೊತ್ತಿಗೆ ಅವನು ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗುತ್ತಿದ್ದ. ತಲೆ ಚಚ್ಚಿಕೊಳ್ಳುವುದು ಮಾತ್ರ ನಿಂತಿರಲಿಲ್ಲ.

‘ಇಂಥವರು ಹೀಗೇ.’ ಹೊಟ್ಟೆ ನೋವೋ, ಹಲ್ಲು ನೋವೋ, ದುಃಖವೋ, ಏನು ಬಂದರೂ ಬುದ್ಧಿಮಾಂದ್ಯದ ಖಾತೆಗೇ ಜಮಾ. ಆಮೇಲೆ ತಿಳಿದ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯವನ್ನು ಹೊರಗಿಟ್ಟಿದೆ. ತಪ್ಪೇನಿಲ್ಲ, ಬುದ್ಧಿ ಕಡಿಮೆ ಇರುವುದು ಕಾಯಿಲೆಯಲ್ಲ. ಆದರೆ ಜನ ಇದನ್ನು ತಿರುವಿ ಓದುತ್ತಾರೆ: ಇವರಿಗೆ ಮನಸ್ಸಿನ ಕಾಯಿಲೆ ಬರುವುದೇ ಇಲ್ಲ ಎಂದು. ಖಿನ್ನತೆ, ಆತಂಕ ಇವರಿಗೂ ಬರುತ್ತವೆ, ಉಳಿದವರಿಗಿಂತ ಹೆಚ್ಚಾಗಿಯೇ. ಹೇಳಿಕೊಳ್ಳಲು ಬಾಯಿ ಸಾಲದೆ ಗೋಡೆಗೆ ಹೇಳುತ್ತಾರೆ.

ನಮಗೆ ದಾರಿ ಸಿಕ್ಕಿದ್ದು 14416ರಿಂದ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಅದು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತನಾಡಬಹುದು. ಫೋನು ಎತ್ತಿದ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡು, ಮೊದಲು ಹತ್ತಿರದ ಮನೋವೈದ್ಯರಿಗೆ ತೋರಿಸಿ ಎಂದರು. ರಾಜ್ಯ ಸರ್ಕಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ಪುಟ್ಟನ ಮೊಣಕೈಯನ್ನು ಒಮ್ಮೆ ಮಡಿಸಿ ಬಿಡಿಸಿ ನೋಡಿ, ‘ಮಾತ್ರೆ ಇವನನ್ನು ಕಟ್ಟಿಹಾಕಿದೆ, ಬೆಂಗಳೂರಿಗೆ ಹೋಗಿ’ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯಿಂದಲೇ ಈ ಬುಧವಾರಗಳು.

ಬೀರೂರಿನಿಂದ ರೈಲು. ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಜೊತೆಗೆ ಹೋಗುವವರಿಗೂ ಸ್ಲೀಪರ್ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ. ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು ಓಡಾಡುವವರನ್ನು ಆ ಬೆಂಚಿನ ಮೇಲೆ ಎಷ್ಟೋ ಜನರನ್ನು ಕಂಡೆ.

ಮೊದಲ ದಿನ ಬೆಳಿಗ್ಗೆ ಏಳೂಕಾಲಕ್ಕೆ ಟೋಕನ್, ಹನ್ನೊಂದೂವರೆಗೆ ಕರೆ. ವೈದ್ಯೆಗೆ ಮೂವತ್ತೈದರ ಆಸುಪಾಸು. ನನ್ನ ಕಡೆ ನೋಡಲಿಲ್ಲ. ಕುರ್ಚಿಯನ್ನು ಪುಟ್ಟನ ಎದುರಿಗೆ ಎಳೆದುಕೊಂಡು, ‘ನಮಸ್ಕಾರ. ನೀವು ಹೇಗೆ ಬಂದಿರಿ? ಬಸ್ಸಿನಲ್ಲೋ, ರೈಲಿನಲ್ಲೋ?’ ಎಂದರು.

ಪುಟ್ಟ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ. ಆ ‘ನೀವು’ ನನಗೆ ಹೇಳಿದ್ದು ಎಂದುಕೊಂಡಿದ್ದ. ನಲವತ್ತಮೂರು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಮೇಷ್ಟ್ರು, ಕಂಡಕ್ಟರ್, ಮಠದ ಸ್ವಾಮಿಗಳು, ಕ್ಷೌರದಂಗಡಿಯವನು ಎಲ್ಲರಿಗೂ ಅವನು ‘ಏನೋ ಮರಿ’. ತಲೆ ಅರ್ಧ ನರೆತಿದೆ, ಆದರೂ ಮರಿ.

‘ಅವನಿಗೆ ಸರಿಯಾಗಿ ಮಾತು ಬರುವುದಿಲ್ಲ ಮೇಡಂ, ನಾನು ಹೇಳುತ್ತೇನೆ’ ಎಂದೆ.

‘ಹೇಳುವಿರಂತೆ. ಮೊದಲು ಇವರು ಹೇಳಲಿ.’

ಆಮೇಲೆ ಸುಮ್ಮನೆ ಕೂತರು. ಹೊರಗೆ ಟೋಕನ್ ಕೂಗುತ್ತಿದ್ದಾರೆ, ಬಾಗಿಲಲ್ಲಿ ನಾಲ್ಕು ಜನ ಇಣುಕುತ್ತಿದ್ದಾರೆ, ಇವರು ಮಾತ್ರ ಕಾಯುತ್ತಿದ್ದಾರೆ. ಗೋಡೆ ಗಡಿಯಾರದಲ್ಲಿ ನಲವತ್ತು ಸೆಕೆಂಡ್ ಕಳೆಯಿತು. ‘ರೈಲು’ ಎಂದ ಪುಟ್ಟ. ಇನ್ನೂ ಸ್ವಲ್ಪ ತಡೆದು, ‘ಕಿಟಕಿ’ ಎಂದ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು ಎಂದು ಅರ್ಥ. ಐದು ತಿಂಗಳಲ್ಲಿ ಅವನು ಹೊಸಬರೊಡನೆ ಆಡಿದ ಮೊದಲ ಮಾತು.

ನಂತರ ಮನುಷ್ಯನ ಆಕಾರ ಬರೆದ ಒಂದು ಹಾಳೆ ಮುಂದಿಟ್ಟು, ಎಲ್ಲಿ ನೋವು, ಬೆರಳಿಡಿ ಎಂದರು. ತಲೆಯ ಮೇಲೆ ಇಡುತ್ತಾನೆ ಎಂದು ನಾನು ಕಾದೆ. ಹೊಟ್ಟೆಯ ಮೇಲೆ ಇಟ್ಟ. ಮಲಗಿಸಿ ಅಮುಕಿ ನೋಡಿದರೆ ಎಡಗಡೆ ಕಲ್ಲಿನ ಹಾಗೆ. ಸೆಟೆತಕ್ಕೆಂದು ಕೊಟ್ಟ ಮಾತ್ರೆ ಕರುಳನ್ನೂ ಒಣಗಿಸುತ್ತದಂತೆ. ಮಲಬದ್ಧತೆಯ ನೋವಿಗೆ ತಲೆ ಚಚ್ಚಿಕೊಂಡರೆ ಇನ್ನೊಂದು ಮಾತ್ರೆ, ಅದರಿಂದ ಇನ್ನಷ್ಟು ಮಲಬದ್ಧತೆ. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕೆಲಸ ತೋರಿಸುವ ಟಿಎಸ್‌ಎಚ್ 28 ಬಂತು, ಐದರೊಳಗೆ ಇರಬೇಕಾದದ್ದು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕುಂದುವುದು ಸಾಮಾನ್ಯ, ಹಗಲು ನಿದ್ದೆಗೆ ಅದೂ ಒಂದು ಕಾರಣ, ವರ್ಷಕ್ಕೊಮ್ಮೆ ನೋಡಿಸಲೇಬೇಕು ಎಂದರು. ಇಷ್ಟು ವರ್ಷ ನಮಗೆ ಈ ಮಾತನ್ನು ಹೇಳಿದವರಿಲ್ಲ.

ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಮನಸ್ಸಿಗೆಂದು ಹೊಸ ಮಾತ್ರೆ ಒಂದನ್ನೂ ಬರೆಯಲಿಲ್ಲ. ಥೈರಾಯ್ಡ್‌ಗೆ, ಮಲಬದ್ಧತೆಗೆ ಔಷಧಿ. ಹಳೆಯ ಎರಡು ಮಾತ್ರೆಗಳನ್ನು ವಾರವಾರಕ್ಕೆ ಎಷ್ಟೆಷ್ಟು ಇಳಿಸಬೇಕೆಂಬ ಪಟ್ಟಿ, ಒಮ್ಮೆಲೇ ನಿಲ್ಲಿಸಬೇಡಿ ಎಂಬ ತಾಕೀತು. ಮತ್ತೆ ನನಗೊಂದು ಕೆಲಸ: ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಹಾಕಿ ಬರೆಯುವುದು. ತಲೆ ಚಚ್ಚಿಕೊಳ್ಳುವ ಮುಂಚೆ ಏನು ನಡೆಯುತ್ತಿತ್ತು, ಎಷ್ಟು ಹೊತ್ತಿಗೆ ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು.

ರಿಜಿಸ್ಟರ್ ಬರೆಯುವುದು ನನಗೆ ಹೊಸದಲ್ಲ. ಮೂರು ವಾರ ಒಂದು ದಿನವೂ ಬಿಡದೆ ಬರೆದೆ. ಒಟ್ಟು 19 ಸಲ. ಎರಡನೆಯ ಬುಧವಾರ ಅಲ್ಲಿಯ ಸಮಾಜ ಕಾರ್ಯಕರ್ತೆ ನೋಟ್‌ಬುಕ್ ತಿರುವಿಹಾಕಿ, ಪೆನ್ಸಿಲಿನಿಂದ ಕೆಲವಕ್ಕೆ ಮಾತ್ರ ಸೊನ್ನೆ ಸುತ್ತುತ್ತಾ ಹೋದರು. ‘ಬೆಳಗಿನವು ಹೊಟ್ಟೆಯವು ಇರಬಹುದು, ಕಡಿಮೆಯಾಗುತ್ತಾ ಬಂದಿವೆ. ಈ ನಾಲ್ಕೂವರೆಯವು ಇಳಿದಿಲ್ಲ. ಎಲ್ಲವೂ ಸೋಮವಾರ, ಇಲ್ಲವೇ ಗುರುವಾರ. ಆ ದಿನ ಸಂಜೆ ನಿಮ್ಮ ಮನೆಯಲ್ಲಿ ಏನು ವಿಶೇಷ ಸರ್?’

ಏನೂ ಇಲ್ಲ ಎಂದೆ. ಖಂಡಿತವಾಗಿ ಏನೂ ಇಲ್ಲ ಎಂದು ಒತ್ತಿ ಹೇಳಿದೆ.

ವಾಪಸ್ ಬರುವಾಗ ರೈಲು ತಿಪಟೂರು ದಾಟಿದ ಮೇಲೆ ಹೊಳೆಯಿತು. ಅಮ್ಮನ ಡಯಾಲಿಸಿಸ್ ಸೋಮವಾರ ಮತ್ತು ಗುರುವಾರ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ನಾಲ್ಕೂವರೆಯ ಬಸ್ಸಿಗೆ ಇಳಿಯುತ್ತಿದ್ದರು. ಪುಟ್ಟ ಗೇಟಿನ ಹತ್ತಿರ ನಿಂತಿದ್ದು ಅವರ ಚೀಲ ಇಸಿದುಕೊಂಡು ಒಳಗೆ ತರುತ್ತಿದ್ದ. ಒಂದು ಗುರುವಾರ ಆ ಬಸ್ಸಿನಿಂದ ಅಮ್ಮ ಇಳಿಯಲಿಲ್ಲ. ಅಂದಿನಿಂದ ವಾರಕ್ಕೆ ಎರಡು ದಿನ ಅದೇ ಹಾರನ್, ಅದೇ ಬಸ್ಸು. ಅಮ್ಮ ಮಾತ್ರ ಇಲ್ಲ. ಯಾವ ಊರಿನ ಟಪಾಲು ಚೀಲ ಯಾವ ಬಸ್ಸಿಗೆ ಬರುತ್ತದೆಂದು ಮೂವತ್ತನಾಲ್ಕು ವರ್ಷ ಬಾಯಿಪಾಠ ಒಪ್ಪಿಸಿದ ನನಗೆ ಇದು ಕಾಣಿಸಿರಲಿಲ್ಲ.

ಮುಂದಿನ ಸಲ ಹೇಳಿದಾಗ ಆ ಸಮಾಜ ಕಾರ್ಯಕರ್ತೆ ಗೆದ್ದವರ ಹಾಗೆ ಮುಖ ಮಾಡಲಿಲ್ಲ. ‘ಅಮ್ಮ ತೀರಿಕೊಂಡದ್ದನ್ನು ಇವರಿಗೆ ಯಾವ ಮಾತಿನಲ್ಲಿ ಹೇಳಿದಿರಿ?’ ಎಂದು ಕೇಳಿದರು. ಊರಿಗೆ ಹೋಗಿದ್ದಾಳೆ ಎಂದೆವು ಎಂದೆ. ‘ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ ಏನು ಹೇಳುತ್ತಿದ್ದರು?’

‘ಹೋಗಿ ಬರುತ್ತೇನೆ’ ಎನ್ನುತ್ತಿದ್ದರು. ಎಲ್ಲರೂ ಹಾಗೇ ತಾನೇ ಹೇಳುವುದು.

ನಮ್ಮ ಭಾಷೆಯಲ್ಲಿ ಸಾವಿನ ಮಾತೆಲ್ಲ ಹೋಗುವ ಮಾತೇ ಎಂದು ಆವತ್ತು ಗಮನಕ್ಕೆ ಬಂತು. ಹೋಗಿಬಿಟ್ಟರು, ಹೊರಟುಹೋದರು, ದೇವರ ಹತ್ತಿರ ಹೋದರು. ಹೋದವರು ಬರುತ್ತಾರೆ ಎಂಬುದು ಪುಟ್ಟನ ಲೆಕ್ಕ. ಲೆಕ್ಕ ತಪ್ಪಿದ್ದು ಅವನದಲ್ಲ. ಆಕೆ ಹೇಳಿದ್ದು ಇಷ್ಟು: ಮಲಗಿದ್ದಾರೆ ಎನ್ನಬೇಡಿ, ನಿದ್ದೆಗೆ ಹೆದರುತ್ತಾರೆ. ಹೋದರು ಎನ್ನಬೇಡಿ, ಕಾಯುತ್ತಾರೆ. ಸತ್ತರು ಎನ್ನಿ. ಒರಟೆನಿಸಿದರೂ ಅದನ್ನೇ ಎನ್ನಿ.

ಅಲ್ಲೇ, ಆ ಕೋಣೆಯಲ್ಲಿ, ಅಮ್ಮನ ಫೋಟೊ ಮತ್ತು ನಾವು ತೆಗೆದುಕೊಂಡು ಹೋಗಿದ್ದ ಸಮಾಧಿಯ ಫೋಟೊ ಮೇಜಿನ ಮೇಲಿಟ್ಟು ಆಕೆ ಶುರುಮಾಡಿಕೊಟ್ಟರು, ಮುಗಿಸಬೇಕಾದವನು ನಾನು. ‘ಅಮ್ಮ ಸತ್ತಿದ್ದಾಳೆ ಪುಟ್ಟಾ. ಇನ್ನು ಬಸ್ಸಿನಲ್ಲಿ ಬರುವುದಿಲ್ಲ’ ಎಂದೆ. ನಾಲಿಗೆ ಹೊರಳಲಿಲ್ಲ, ಎರಡು ಸಲ ಹೇಳಬೇಕಾಯಿತು. ಅವನು ಫೋಟೊವನ್ನು ಬೋರಲು ಹಾಕಿದ. ಆಮೇಲೆ ತಾನೇ ತಿರುಗಿಸಿ ಇಟ್ಟ.

ಇದರಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದರ ಮುಂದಿನ ಸೋಮವಾರವೂ ಚಚ್ಚಿಕೊಂಡ, ಹಣೆ ಒಡೆದು ಎರಡು ಹೊಲಿಗೆ ಬಿದ್ದವು. ಆ ಎರಡು ದಿನ ನಾಲ್ಕು ಗಂಟೆಗೇ ನಾವಿಬ್ಬರೂ ತೋಟಕ್ಕೆ ಹೊರಡುವುದನ್ನು ರೂಢಿ ಮಾಡಿಕೊಂಡೆವು. ಮೊದಲ ದಿನ ಸಮಾಧಿಯ ಮುಂದೆ ನಿಂತು ‘ಅಮ್ಮ ಒಳಗಾ?’ ಎಂದ. ಹೌದು ಎಂದೆ. ‘ಸತ್ತು?’ ಎಂದ. ಹೌದು ಎಂದೆ. ಅಲ್ಲಿಯ ಕಳೆ ಕೀಳತೊಡಗಿದ. ಈಗಲೂ ಅದೇ ಕೆಲಸ, ಒಂದು ಹುಲ್ಲು ಉಳಿಸುವುದಿಲ್ಲ. ಏಪ್ರಿಲ್‌ನಲ್ಲಿ ಖಿನ್ನತೆಗೆಂದು ಸೆರ್ಟ್ರಾಲಿನ್ ಸಣ್ಣ ಡೋಸಿನಲ್ಲಿ ಶುರುವಾಯಿತು. ರಿಸ್ಪೆರಿಡೋನ್ ಜೂನ್‌ನಲ್ಲಿ ಪೂರ್ತಿ ನಿಂತಿತು. ನೋಟ್‌ಬುಕ್ಕಿನ ಪ್ರಕಾರ ಕಳೆದ ತಿಂಗಳು ಎರಡು ಸಲ. ಎರಡರಲ್ಲಿ ಒಂದು ನನ್ನದೇ ತಪ್ಪು. ಅವನ ಲೋಟದಲ್ಲಿ ನೆಂಟರಿಗೆ ಕಾಫಿ ಕೊಟ್ಟಿದ್ದೆ.

ಕಾಫಿ ಎಂದಾಗ ನೆನಪಾಯಿತು. ಅವನು ಕಾಫಿ ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ ಎಂದಿದ್ದಾರೆ ವೈದ್ಯೆ, ಪ್ರತಿ ವರ್ಷ, ಅದೇ ಅಡುಗೆಮನೆಯಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಮರೆವಿನ ಕಾಯಿಲೆ ಬೇಗ ಬರುತ್ತದೆ, ನಲವತ್ತು ದಾಟಿದ ಮೇಲೆ ಕಣ್ಣಿಟ್ಟಿರಬೇಕು; ಇವತ್ತು ಏನು ಬರುತ್ತದೆ ಎಂಬುದು ದಾಖಲಾಗಿದ್ದರೆ ತಾನೇ ನಾಳೆ ಏನು ತಪ್ಪಿತು ಎಂದು ತಿಳಿಯುವುದು. ಕೇಳಿ ಹೊಟ್ಟೆ ಕಿವುಚಿತು. ಆದರೂ ಮುಚ್ಚುಮರೆ ಇಲ್ಲದೆ ಹೇಳಿದರಲ್ಲ ಎನಿಸಿತು. ವಿಡಿಯೊ ಮೂರು ನಿಮಿಷ ಹತ್ತು ಸೆಕೆಂಡ್ ಇದೆ. ಸಕ್ಕರೆ ಸ್ವಲ್ಪ ಜಾಸ್ತಿ.

ಬೆಂಚಿನ ಮೇಲೆ ಪರಿಚಯವಾದ ಒಬ್ಬ ಹೆಣ್ಣುಮಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ಅಲ್ಲಿ ಅರ್ಧ ಜನ ಅವರಂಥವರು. ಗಂಡ ಬೈಕಿನಿಂದ ಬಿದ್ದು, ಹೆಲ್ಮೆಟ್ ಇಲ್ಲದೆ, ಹಣೆಯ ಹಿಂದಿನ ಮಿದುಳಿಗೆ ಪೆಟ್ಟು. ಆಪರೇಷನ್ ಆಗಿ ನಡೆದುಕೊಂಡೇ ಮನೆಗೆ ಬಂದರು. ಎಲ್ಲರೂ ಗುಣವಾಯಿತು ಎಂದರು. ಮೊದಲು ಜೋರಾಗಿ ಮಾತನಾಡದಿದ್ದ ಮನುಷ್ಯ ಈಗ ಅತ್ತೆಯ ಎದುರು ಕೆಟ್ಟ ಮಾತಾಡುತ್ತಾರೆ, ಸಾವಿನ ಮನೆಯಲ್ಲಿ ನಗುತ್ತಾರೆ, ಇಲ್ಲದಿದ್ದರೆ ಯಾರಾದರೂ ಏಳಿಸುವವರೆಗೆ ಕೂತಲ್ಲೇ ಕೂತಿರುತ್ತಾರೆ. ‘ಬದುಕಿಕೊಂಡನಲ್ಲ ಪುಣ್ಯ ಎನ್ನುತ್ತಾರೆ ಅಣ್ಣ. ಮುಖ ಅವರದೇ, ಬಂದವರು ಯಾರೋ’ ಎಂದರು ಆಕೆ. ಕೊಬ್ಬು, ಸೋಮಾರಿತನ ಎಂದು ಮನೆಯವರೆಲ್ಲ ಎರಡು ವರ್ಷ ಬೈದಿದ್ದಾರೆ. ಅದು ಪೆಟ್ಟಿನ ಗುಣ, ಶುರುಮಾಡುವ ಮತ್ತು ತಡೆಯುವ ಶಕ್ತಿ ಎರಡೂ ಅಲ್ಲೇ ಇರುವುದು ಎಂದು ಇಲ್ಲಿ ಮಿದುಳಿನ ಚಿತ್ರ ತೋರಿಸಿ ಅತ್ತೆಗೇ ವಿವರಿಸಿದರಂತೆ. ಈಗ ಮೊಬೈಲಿನ ಅಲಾರಂ ಹೊಡೆದಾಗ ಒಂದು ಕೆಲಸ, ಗೋಡೆಯ ಮೇಲಿನ ಪಟ್ಟಿಯಲ್ಲಿ ಒಂದು ಗುರುತು. ಸ್ನಾನ ತಾವೇ ಮಾಡುತ್ತಾರೆ.

ಕಾಗದಪತ್ರದಲ್ಲಿ ಮಾತ್ರ ಆಕೆಗೂ ನಮಗೂ ನ್ಯಾಯ ಒಂದೇ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಪುಟ್ಟನಿಗೆ ನಾನು ಕಾನೂನುಬದ್ಧ ಪೋಷಕನಾಗಲು ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಹಾಕಬಹುದು, ಅದರ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎರಡೂ ಅರ್ಜಿಗಳನ್ನು ಅದೇ ಸಮಾಜ ಕಾರ್ಯಕರ್ತೆ ಕೂತು ತುಂಬಿಸಿಕೊಟ್ಟರು. ಆ ಕಾಯ್ದೆ ಹೇಳುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇಷ್ಟನ್ನೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲೂ ತಲೆಪೆಟ್ಟು ಎಂದು ಬಿಡಿಯಾಗಿ ಹೆಸರಿಲ್ಲ. ಗಂಡನ ಹೆಸರಿನ ಜಮೀನಿನ ಕೆಲಸಕ್ಕೆ ಆಕೆ ವಕೀಲರ ಮನೆ ಸುತ್ತುತ್ತಿದ್ದಾರೆ.

ಇನ್ನು ದೂರುಗಳು. ವಾರಕ್ಕೆ ಒಂದೇ ದಿನ. ಹಬ್ಬ ಬುಧವಾರ ಬಿದ್ದರೆ ಆ ವಾರ ಇಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ, ನಾನು 14 ಸಲ ಮಾಡಿದ್ದೇನೆ. ಟೋಕನ್ ಕೂಗುವ ಧ್ವನಿವರ್ಧಕ ನೇರ ಬೆಂಚಿನ ಮೇಲೇ ಇದೆ. ಆಟಿಸಂ ಇರುವ ಹುಡುಗರು ಎರಡೂ ಕಿವಿ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಹೋಗಿ ಕೂರುತ್ತಾರೆ. ಇಂಥವರಿಗೆಂದೇ ಇರುವ ಚಿಕಿತ್ಸಾಲಯದಲ್ಲಿ ಇದು ಯಾರ ತಲೆಗೂ ಹೊಳೆದಿಲ್ಲ ಎಂದರೆ ನಂಬಲಾಗದು. ಗಾಲಿಕುರ್ಚಿಯ ಇಳಿಜಾರಿನಲ್ಲಿ ಸಿಬ್ಬಂದಿಯ ಬೈಕುಗಳು. ಕಿರಿಯ ವೈದ್ಯರು ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಹೊಸಬರು ಬಂದಾಗೆಲ್ಲ ಮೊದಲಿನಿಂದ ಪುರಾಣ. ಐದನೆಯ ಬುಧವಾರ ಬೇಸತ್ತು ಒಂದು ಹಾಳೆ ಬರೆದಿಟ್ಟೆ: ಹೆಸರು, ಮಾತ್ರೆಗಳು, ಯಾವುದು ಒಗ್ಗಲಿಲ್ಲ, ನೋವಾದರೆ ಹೇಗೆ ತೋರಿಸುತ್ತಾನೆ, ಏನು ಇಷ್ಟ. ಕೊನೆಯ ಸಾಲು, ‘ಪ್ರಶ್ನೆ ಕೇಳಿ ನಲವತ್ತು ಎಣಿಸಿರಿ’. ಹೊಸ ಹುಡುಗ ಅದನ್ನು ಓದಿ ನಿಜಕ್ಕೂ ತುಟಿ ಅಲ್ಲಾಡಿಸಿ ಎಣಿಸಿದ. ಹೋಗುವವರು ಅಂಥದೊಂದು ಹಾಳೆಯನ್ನು ಜೆರಾಕ್ಸ್ ಸಮೇತ ಒಯ್ಯಿರಿ. ಬೆಳಗಿನ ತಿಂಡಿ ಕಟ್ಟಿಕೊಂಡು ಹೋಗಿ, ಅಲ್ಲಿಯ ಕ್ಯಾಂಟೀನ್ ಇಡ್ಲಿ ಹತ್ತಕ್ಕೇ ಮುಗಿಯುತ್ತದೆ.

ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಚಿಲಕ ಹಾಕದೆ ಒಳಗೆ ಕೂರಬಾರದು ಎಂದು ಅಮ್ಮ ಕಲಿಸಿದ್ದನ್ನು ಪುಟ್ಟ ಮೀರುವುದಿಲ್ಲ. ಹನ್ನೊಂದು ಬುಧವಾರವೂ ನಾನು ಹೊರಗೆ ಬಾಗಿಲು ಎಳೆದು ಹಿಡಿದುಕೊಂಡು ನಿಂತು, ಬಾಯಿಂದ ‘ಟಕ್’ ಎಂದು ಚಿಲಕದ ಸದ್ದು ಮಾಡಿದ ಮೇಲೆಯೇ ಅವನು ಒಳಗೆ ಕೂತದ್ದು. ಸಲಹಾ ಪೆಟ್ಟಿಗೆಯಲ್ಲಿ ಮೂರು ಸಲ ಬರೆದು ಹಾಕಿದ್ದೇನೆ. ನಾಲ್ಕನೆಯದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ, ಸ್ವೀಕೃತಿ ಪತ್ರ ಬಂದಿದೆ.

ಐದಕ್ಕೆ ನಾಲ್ಕು ನಕ್ಷತ್ರ. ಉಳಿದ ಒಂದು ಚಿಲಕ ಹಾಕಿಸಿದ ದಿನ.